ಪ್ರಾಕ್ಟಿಕಲ್‌ಗೆ ರಿಯೇಜೆಂಟ್ ಯಾರು ಮಾಡಬೇಕು?

ಬಯೋಕೆಮಿಸ್ಟ್ರಿ ವಿದ್ಯಾರ್ಥಿಗಳು ಪ್ರಾಕ್ಟಿಕಲ್‌ಗೆ ಬೇಕಾದ ದ್ರಾವಣಗಳನ್ನು (ರಿಯೇಜೆಂಟ್) ತಾವೇ ತೂಗಿ, ಕರಗಿಸಿ ಮಾಡಿಕೊಳ್ಳಬೇಕಾ? ಇಲ್ಲ, ರೆಡಿ ಬಾಟಲಿ, ಕಿಟ್ ಕೊಟ್ಟು ಪ್ರಯೋಗಕ್ಕೆ ಬಿಡಬೇಕಾ? ಹಾಸನದಲ್ಲಿ ಪಾಠ ಮಾಡುವ ಮೇಷ್ಟ್ರೊಬ್ಬರು ಮತ್ತು ಇಲ್ಲೇ ಓದಿ ಈಗ ಡಯಾಗ್ನೋಸ್ಟಿಕ್ ಲ್ಯಾಬ್‌ನಲ್ಲಿ ಕೆಲಸ ಮಾಡುವ ಒಬ್ಬರು ಈ ಬಗ್ಗೆ ಬರೆದಿದ್ದಾರೆ.

ಪರ: ಅವರೇ ಮಾಡಿಕೊಳ್ಳಲಿ

ಸ್ಟಾರ್ಚನ್ನು ಸಕ್ಕರೆಯಾಗಿ ಒಡೆಯುವ ಎನ್‌ಜೈಮ್ ಅಮೈಲೇಸ್. ಅದರ ಪ್ರಾಕ್ಟಿಕಲ್ ದಿನ ನೋಡಿ. ಅಟೆಂಡರ್ ಬೆಳಿಗ್ಗೆಯೇ ಸ್ಟಾರ್ಚ್, ಪಿಎಚ್ (ಹುಳಿ-ಕ್ಷಾರದ ಅಳತೆ) ಬದಲಾಗದಂತೆ ಹಿಡಿದಿಡುವ ಬಫರ್, ಸಕ್ಕರೆ ಇದ್ದರೆ ಬಣ್ಣ ಕೊಡುವ ಡಿಎನ್‌ಎಸ್, ಈ ಬಾಟಲಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಹುಡುಗರು ಬಂದು ಇದರಿಂದ ಒಂದು ಎಂಎಲ್, ಅದರಿಂದ ಎರಡು ಎಂಎಲ್ ಹಾಕುತ್ತಾರೆ. ಕುದಿಯುವ ನೀರಲ್ಲಿ ಇಡುತ್ತಾರೆ. 540 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣ ಎಷ್ಟು ಗಾಢ ಅನ್ನುವ ರೀಡಿಂಗ್ ಬರೆದುಕೊಂಡು ಹೊರಡುತ್ತಾರೆ. ಗ್ರಾಫ್ ನೇರ ಬಂತಾ, ಸರಿ. ಬರಲಿಲ್ಲವಾ, ಪಕ್ಕದ ಬ್ಯಾಚಿನವರ ರೀಡಿಂಗ್ ಇದ್ದೇ ಇದೆ. ಯಾಕೆ ಬರಲಿಲ್ಲ ಅಂತ ಕೇಳಿದರೆ ಒಂದೇ ಉತ್ತರ: 'ಕೆಮಿಕಲ್ ಸರಿ ಇಲ್ಲ ಸರ್.' ಬಾಟಲಿಯಲ್ಲಿ ಏನಿದೆ ಅಂತಲೇ ಗೊತ್ತಿಲ್ಲದವರು ಇನ್ನೇನು ಹೇಳಿಯಾರು?

ಅದೇ ಹುಡುಗರ ಕೈಗೆ ಸೋಡಿಯಂ ಹೈಡ್ರಾಕ್ಸೈಡ್ ಡಬ್ಬಿ ಕೊಡಿ. ಲೀಟರಿಗೆ 4 ಗ್ರಾಂ ಹಾಕಿದರೆ 0.1 ನಾರ್ಮಲ್ ಸಾಂದ್ರತೆ, ಇದು ಎಲ್ಲರಿಗೂ ಬಾಯಿಪಾಠ. ಆದರೆ ಹಾಸನದ ಜುಲೈ ತಿಂಗಳ ಮಳೆಯಲ್ಲಿ ಆ ಬಿಳಿ ಗುಳಿಗೆಗಳನ್ನು ವಾಚ್ ಗ್ಲಾಸ್ ಮೇಲೆ ಇಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಮೈ ಹೊಳೆಯುತ್ತದೆ, ಆಮೇಲೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬ್ಯಾಲೆನ್ಸ್‌ನ ಕೊನೆಯ ಅಂಕಿ ನಿಲ್ಲುವುದೇ ಇಲ್ಲ, ಮೇಲೇರುತ್ತಲೇ ಇರುತ್ತದೆ. ಗಾಳಿಯ ತೇವವನ್ನು, ಕಾರ್ಬನ್ ಡೈಆಕ್ಸೈಡನ್ನು ಅದು ಎಳೆದುಕೊಳ್ಳುತ್ತಿದೆ. ಹಾಗಾದರೆ ತೂಗಿದ್ದರಲ್ಲಿ ಹೈಡ್ರಾಕ್ಸೈಡ್ ಎಷ್ಟು, ನೀರೆಷ್ಟು? ಆಗ ಲೀಟರಿಗೆ 6.3 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ, ಅದರ ಎದುರು ಟೈಟ್ರೇಶನ್ ಮಾಡುವುದು, ಅಂದರೆ ಹನಿಹನಿಯಾಗಿ ಸೇರಿಸಿ ನಿಜವಾದ ಸಾಂದ್ರತೆ ಕಂಡುಹಿಡಿಯುವುದು ಯಾಕೆ ಅಂತ ತಾನಾಗೇ ತಿಳಿಯುತ್ತದೆ. 'ಇದು ಸೆಕೆಂಡರಿ ಸ್ಟ್ಯಾಂಡರ್ಡ್' (ಬರೀ ತೂಕ ನಂಬುವ ಹಾಗಿಲ್ಲ, ಇನ್ನೊಂದರ ಎದುರು ಅಳೆಯಬೇಕು) ಅನ್ನುವ ನೋಟ್ಸಿನ ಸಾಲಿಗೆ ಅರ್ಥ ಬರುವುದು ಅಲ್ಲೇ.

ಬಫರ್ ವಿಷಯವೂ ಅಷ್ಟೇ. ಟ್ರಿಸ್ ಅನ್ನುವ ಬಫರನ್ನು ರೂಮಿನ ಉಷ್ಣತೆಯಲ್ಲಿ ಸರಿಮಾಡಿ ಫ್ರಿಜ್‌ಗೆ ಇಟ್ಟರೆ ಅದರ ಪಿಎಚ್ ಅರ್ಧ ಅಂಕಕ್ಕಿಂತ (0.5) ಜಾಸ್ತಿ ಏರುತ್ತದೆ. ಎನ್‌ಜೈಮ್ ಬೇರ್ಪಡಿಸುವ ಕೆಲಸ ಸಾಮಾನ್ಯವಾಗಿ ತಣ್ಣಗೇ ನಡೆಯಬೇಕಲ್ಲ. ಸ್ವತಃ ಪಿಎಚ್ ಮೀಟರ್ ಹಿಡಿದವನಿಗೆ ಮಾತ್ರ ಈ ಅನುಮಾನ ಬರುತ್ತದೆ.

ನಮ್ಮೂರಲ್ಲಿ ಆಲೂಗಡ್ಡೆಗೆ ಬರವೇ? ಒಂದನ್ನು ತಣ್ಣಗಿನ ಫಾಸ್ಫೇಟ್ ಬಫರ್‌ನಲ್ಲಿ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ಕ್ಯಾಟಿಕಾಲ್ ಅನ್ನುವ ಕೆಮಿಕಲ್ ಹಾಕಿದರೆ ಕಣ್ಣೆದುರೇ ಕಂದು ಬಣ್ಣ ತಿರುಗುತ್ತದೆ. ಹೆಚ್ಚಿಟ್ಟ ಆಲೂಗಡ್ಡೆ ಕಪ್ಪಾಗಿಸುವ ಪಾಲಿಫಿನಾಲ್ ಆಕ್ಸಿಡೇಸ್ ಎನ್‌ಜೈಮ್‌ನ ಕೆಲಸ ಅದು. ಹಾಲು ತಂದು ಪಿಎಚ್ 4.6ಕ್ಕೆ ಇಳಿಸಿದರೆ ಅದರ ಪ್ರೊಟೀನ್ ಕೇಸಿನ್ ಒಡೆದು ತಳಕ್ಕೆ ಬೀಳುತ್ತದೆ. ಇಂಥದ್ದಕ್ಕೆಲ್ಲ ಕಿಟ್ ಯಾಕೆ ಬೇಕು? ಎಂಎಸ್ಸಿ ಪ್ರಾಜೆಕ್ಟ್ ಅಂತ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೋ ಬೆಂಗಳೂರಿಗೋ ಹೋದಾಗ ಲೇಬಲ್ ಹಚ್ಚಿದ ಬಾಟಲಿ ಜೋಡಿಸಿಕೊಡುವ ಅಟೆಂಡರ್ ಅಲ್ಲಿ ಇರುವುದಿಲ್ಲ.

ವಿರೋಧ: ತೂಗುವುದರಲ್ಲೇ ಹೊತ್ತು ಹೋಗುತ್ತದೆ

ಮೇಷ್ಟ್ರು ಹೇಳಿದ ಗುಳಿಗೆಯ ಪಾಠ ಚೆನ್ನಾಗಿದೆ. ಆದರೆ ಇಪ್ಪತ್ತು ಜನರ ಕ್ಲಾಸಿನಲ್ಲಿ ಕೆಲಸ ಮಾಡುವ ಬ್ಯಾಲೆನ್ಸ್ ಒಂದೇ ಇದ್ದರೆ ಆ ಪಾಠ ಕ್ಯೂನಲ್ಲಿ ನಿಂತೇ ಮುಗಿಯುತ್ತದೆ. ಮೂರು ಗಂಟೆಯಲ್ಲಿ ಅರ್ಧ ತೂಗುವುದಕ್ಕೆ, ಕರಗಿಸುವುದಕ್ಕೆ ಹೋಯಿತು. ಉಳಿದ ಹೊತ್ತಿಗೆ ಒಂದೇ ಒಂದು ಸೆಟ್. ಅದೂ ಕೆಟ್ಟರೆ? ಕಾಪಿ ಹೊಡೆಯುವುದು ಆಗಲೇ ಜಾಸ್ತಿ ಸಾರ್! ಒಬ್ಬರು ಮಾಡಿದ ಸ್ಟಾಕ್ ದ್ರಾವಣ ತಪ್ಪಿದರೆ ಇಡೀ ಬ್ಯಾಚಿನ ಗ್ರಾಫ್ ಕೆಡುತ್ತದೆ, ಮತ್ತೆ ಮಾಡಲು ಟೈಮೇ ಇರುವುದಿಲ್ಲ.

ಇನ್ನೊಂದು ಮಾತು. ಪ್ರೊಟೀನ್ ಅಳೆಯುವ ಲೌರಿ ವಿಧಾನ 1951ರದ್ದು. ಅದಕ್ಕೆ ಬೇಕಾದ ಫೋಲಿನ್ ರಿಯೇಜೆಂಟನ್ನು ಮೇಷ್ಟ್ರೂ ಬಾಟಲಿಯಲ್ಲೇ ಕೊಂಡು ತರುತ್ತಾರೆ. ಮಾಡಬೇಕೆಂದರೆ ಗಂಟೆಗಟ್ಟಲೆ ರಿಫ್ಲಕ್ಸ್ (ಆವಿ ತಣಿದು ಮತ್ತೆ ಒಳಗೇ ಬೀಳುವಂತೆ ಕುದಿಸುವುದು) ಮಾಡುತ್ತಾ ಕೂರಬೇಕು. ಅದಕ್ಕೊಂದು ನ್ಯಾಯ, ಡಿಎನ್‌ಎಸ್‌ಗೊಂದು ನ್ಯಾಯವಾ?

ನಿಜವಾಗಿ ಕಲಿಯಬೇಕಾದ್ದು ಕೈಯ ಕೆಲಸ. ಡಿಗ್ರಿ ಮುಗಿಸಿ ಲ್ಯಾಬ್‌ಗೆ ಸೇರುವವರಲ್ಲಿ ಎಷ್ಟೋ ಜನ ಮೈಕ್ರೋಪಿಪೆಟ್‌ನ (ಅತಿ ಚಿಕ್ಕ ಅಳತೆಯ ದ್ರವ ಎಳೆಯುವ ಸಾಧನ) ಬಟನ್ನನ್ನು ಎರಡನೇ ಸ್ಟಾಪ್ ತನಕ ಒತ್ತಿ ಸೀರಮ್ (ಹೆಪ್ಪುಗಟ್ಟಿದ ರಕ್ತದ ಮೇಲಿನ ತಿಳಿ ದ್ರವ) ಎಳೆಯುತ್ತಾರೆ. ಎಳೆಯಬೇಕಾದ್ದು ಮೊದಲ ಸ್ಟಾಪ್‌ನಿಂದ. ಎರಡನೆಯದು ಕೊನೆಯ ಹನಿ ಹೊರಹಾಕಲು. ಗ್ಲೂಕೋಸ್ ಪರೀಕ್ಷೆಯಲ್ಲಿ 1000 ಮೈಕ್ರೋಲೀಟರ್ ರಿಯೇಜೆಂಟ್‌ಗೆ ಸೀರಮ್ ಹಾಕುವುದು ಬರೀ 10. ಒಂದೇ ಮೈಕ್ರೋಲೀಟರ್ ಜಾಸ್ತಿ ಹೋದರೂ ಫಲಿತಾಂಶ ಶೇಕಡಾ 10 ಏರುತ್ತದೆ. ಖಾಲಿ ಹೊಟ್ಟೆಯಲ್ಲಿ 115 ಇದ್ದವರು 126 ದಾಟುತ್ತಾರೆ. 126 ಅಂದರೆ ಡಯಾಬಿಟಿಸ್‌ನ ಗಡಿ. ಪಾಪ, ಆಲೂರಿನಿಂದ ಬಸ್ ಹತ್ತಿ ಬಂದ ಅಜ್ಜಿ ಸಕ್ಕರೆ ಕಾಯಿಲೆ ಅಂತ ಚೀಟಿ ಹಿಡಿದು ಮನೆಗೆ ಹೋಗುತ್ತಾಳೆ. ಇಲ್ಲಿ ರಿಯೇಜೆಂಟ್ ಮಾಡಿದವರು ಯಾರು ಅನ್ನುವುದು ಮುಖ್ಯವೇ ಅಲ್ಲ.

ರೆಕಾರ್ಡ್ ಪುಸ್ತಕದಲ್ಲಿ ಬಾರದ ವಿಷಯಗಳೂ ಬಹಳ ಇವೆ. ರಕ್ತವನ್ನು ಹಾಗೇ ಬಿಟ್ಟರೆ ಅದರಲ್ಲಿರುವ ಜೀವಕೋಶಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇರುವುದು ಅದಕ್ಕೆ. ಕೆಂಪು ಕಣ ಒಡೆದು ಸೀರಮ್ ಕೆಂಪಾಗಿದ್ದರೆ ಪೊಟ್ಯಾಸಿಯಂ ಸುಮ್ನೆ ಏರಿರುತ್ತದೆ. ಬೆಳಿಗ್ಗೆ ಮೊದಲು ಕಂಟ್ರೋಲ್ (ಫಲಿತಾಂಶ ಮೊದಲೇ ಗೊತ್ತಿರುವ ಸ್ಯಾಂಪಲ್) ಹಾಕಿ, ಅದು ಮಿತಿಯೊಳಗೆ ಬಂದ ಮೇಲೆಯೇ ರೋಗಿಯ ಸ್ಯಾಂಪಲ್ ಮುಟ್ಟಬೇಕು. ಇದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಕಾಲೇಜಿನಲ್ಲಿ ಅಲ್ಲ.

ಕಿಟ್ ಅಂದರೆ ಕುರುಡು ಕೆಲಸ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಡಬ್ಬಿಯೊಳಗಿನ ಮಡಚಿದ ಕಾಗದದಲ್ಲಿ ತತ್ವ, ಯಾವ ಮಟ್ಟದವರೆಗೆ ಅಳತೆ ನಂಬಬಹುದು, ಯಾವುದು ಅಡ್ಡಬರುತ್ತದೆ, ಎಲ್ಲ ಇರುತ್ತದೆ. ಓದಿಸುವವರು ಬೇಕು, ಅಷ್ಟೇ. ಮಿತಿ ದಾಟಿದ ಸ್ಯಾಂಪಲನ್ನು ಸಲೈನ್‌ನಲ್ಲಿ ತೆಳು ಮಾಡಿ ಮತ್ತೆ ಹಾಕಿಸಿ, ಲೆಕ್ಕ ಕಟ್ಟಿಸಿ. ಅದಕ್ಕಿಂತ ಒಳ್ಳೆಯ ಪ್ರಾಕ್ಟಿಕಲ್ ಯಾವುದಿದೆ?

ತೂಗುವುದನ್ನು, ಪಿಎಚ್ ಸರಿಮಾಡುವುದನ್ನು ಸೆಮಿಸ್ಟರ್‌ನ ಮೊದಲ ಎರಡು ವಾರ ಕಲಿಸಿ ಮುಗಿಸಲಿ. ಪರೀಕ್ಷೆಯಲ್ಲಿ ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬಂದಾಗ ಒಂದೇ ಸ್ಯಾಂಪಲನ್ನು ಐದು ಟ್ಯೂಬಿಗೆ ಹಾಕಿಸಲಿ. ಐದು ರೀಡಿಂಗ್ ಎಷ್ಟು ಹತ್ತಿರ ಬಂದವು ಅಂತ ನೋಡಿ ಮಾರ್ಕ್ಸ್ ಕೊಡಲಿ. ಪಕ್ಕದವರನ್ನು ನೋಡಿ ಬರೆಯುವುದಕ್ಕೆ ಆಗ ದಾರಿಯೇ ಇರುವುದಿಲ್ಲ.