ಹೆಸರಲ್ಲೊಂದು ಈಟಿ ಇರಲಿ

ಜರ್ಮನಿಗೆ ಬಂದ ಹೊಸದರಲ್ಲಿ ಇಲ್ಲಿನ ಹೆಸರುಗಳೇ ನನಗೆ ಪುಕ್ಕಟೆ ಮನರಂಜನೆ. ಯಾರಾದರೂ 'ಊಟೆ' ಅಂತ ಪರಿಚಯ ಮಾಡಿಕೊಂಡರೆ ಹಸಿವಾಗುತ್ತಿತ್ತು. 'ಯೂಟಾ' ಅನ್ನೋ ಹೆಸರನ್ನ ಇಂಗ್ಲಿಷ್ ಅಭ್ಯಾಸದಲ್ಲಿ ಓದಿದರೆ ಜುಟ್ಟಾ. ದಪ್ಪ ಮೀಸೆಯ 'ಊವೆ'ಯನ್ನ ಕರೆಯುವಾಗ ಹೂವೇ ಅಂದಂತಾಗಿ ನಾಚಿಕೆ. ಇನ್ನು 'ಕೈ'. ಇಲ್ಲಿ ಗಂಡಸರ ಮಾಮೂಲಿ ಹೆಸರು. ಅವನು ಮೀಟಿಂಗಿಗೆ ಬರದಿದ್ದರೆ 'ಕೈ ಕೈಕೊಟ್ಟ' ಅನ್ನದೆ ಇರೋದು ಹೇಗೆ? ನಗೋದಕ್ಕೆ ಪಕ್ಕದಲ್ಲಿ ಒಬ್ಬ ಕನ್ನಡದವನಿಲ್ಲ, ಅದೇ ಸಂಕಟ.

ತಮಾಷೆ ಸಾಕು. ನನಗಿಷ್ಟ ಎರಡು ಪದ ಬೆಸೆದ ಹಳೇ ಭಾರದ ಹೆಸರುಗಳು, ಥೇಟ್ ನಮ್ಮ ಸಮಾಸದ ಹಾಗೆ. ಫ್ರೀಡ್ರಿಶ್‌ನಲ್ಲಿ ಶಾಂತಿಯೂ ಇದೆ, ದೊರೆತನವೂ ಇದೆ. ಲುಡ್‌ವಿಗ್ ಅಂದರೆ ಕೀರ್ತಿ, ಕಾಳಗ. ಹೆರ್ಮಾನ್ ಅಂದರೆ ದಂಡಿನವ. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಮೋಗ್ಲಿಂಗರ ಹೆಸರು ಹೆರ್ಮಾನ್. ಪಾಪ, ಅವರ ದಂಡೆಲ್ಲ ಅಚ್ಚಿನ ಮೊಳೆಗಳದ್ದು. ಕಿಟೆಲ್ಲರನ್ನ ನಾವು ಬರೀ ಕಿಟೆಲ್ ಅಂತೀವಿ. ಅವರು ಫರ್ಡಿನಾಂಡ್. ಆ ಹೆಸರಿಗೆ ಪಯಣ, ಧೈರ್ಯ ಅಂತ ಒಂದು ಅರ್ಥ ಹೇಳುತ್ತಾರೆ. ಧಾರವಾಡದವರೆಗೆ ಬಂದು, 1894ರಲ್ಲಿ ಆ ನಿಘಂಟು ಕೊಟ್ಟವರಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವುದು?

ಹಳೇದೆಲ್ಲ ಚಿನ್ನ ಅಂತಲ್ಲ. ಭಕ್ತಿ ಉಕ್ಕಿದ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಹಿಂದೆ 'ಫ್ಯುರ್ಷ್‌ಟೆಗಾಟ್' ಅಂತ ಇಡುತ್ತಿದ್ದರು. 'ದೇವರಿಗೆ ಹೆದರು' ಅಂತ ಅರ್ಥ. ಮಗನನ್ನ ಊಟಕ್ಕೆ ಕರೆದಾಗಲೆಲ್ಲ ಗದರಿಸಿದಂತೆ!

ಸೇರದೇ ಇರೋದು ಈಗಿನ ಮಿಯಾ, ಲಿಯಾ, ಲೀನಾ, ಬೆನ್, ಫಿನ್. ಬಾಂಬೆ ಮಿಠಾಯಿ, ನಾಲಿಗೆಗೆ ಸಿಗೋ ಮೊದಲೇ ಕರಗಿಹೋಗುತ್ತೆ. (ನಮ್ಮ ಕಡೆಯ ವಿಹಾನ್, ವಿವಾನ್, ಇವಾನ್‌ಗಳ ಅಪ್ಪಂದಿರು ಬೇಜಾರು ಮಾಡ್ಕೋಬೇಡಿ.)

ಕೆವಿನ್ ಕಥೆ ಬೇರೆ. 1991ರಲ್ಲಿ ಇಲ್ಲಿ ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಅದು. ಆಮೇಲೆ ಓದಿಲ್ಲದ, ದುಡ್ಡಿಲ್ಲದ ಮನೆಯ ಗುರುತು ಅಂತ ಹೀಯಾಳಿಸೋದು ಶುರುವಾಯಿತು. 2009ರ ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ಟೀಚರೊಬ್ಬರು 'ಕೆವಿನ್ ಹೆಸರಲ್ಲ, ಅದೊಂದು ಕಾಯಿಲೆ' ಅನ್ನೋ ಅರ್ಥದಲ್ಲಿ ಬರೆದಿದ್ದರು. ಆ ಹೆಸರು ನನಗೂ ಸಪ್ಪೆ. ಆದರೆ ಹಾಜರಿ ಕೂಗುವಾಗಲೇ ಹುಡುಗನ ಯೋಗ್ಯತೆ ಅಳೆಯೋ ಬುದ್ಧಿ ಅದಕ್ಕಿಂತ ಸಪ್ಪೆ. ನಮಗೇನೂ ಇದು ಹೊಸದಲ್ಲ ಬಿಡಿ.

ನಮ್ಮ ಕಿರಣ್ ಕೂಡ ಇಲ್ಲಿ ಕೋರ್ಟು ಹತ್ತಿದೆ. ಭಾರತ ಮೂಲದ ಅಪ್ಪ ಅಮ್ಮ ಮಗಳಿಗೆ ಕಿರಣ್ ಅಂತ ಇಟ್ಟರೆ, ಹೆಣ್ಣೋ ಗಂಡೋ ಗೊತ್ತಾಗಲ್ಲ, ಇನ್ನೊಂದು ಹೆಸರು ಸೇರಿಸಿ ಅಂತ ನೋಂದಣಿ ಕಚೇರಿಯ ತಕರಾರು. 2008ರಲ್ಲಿ ಸಂವಿಧಾನ ನ್ಯಾಯಾಲಯ ಕಿರಣ್ ಒಂದೇ ಸಾಕು ಅಂತು. ಓದಿದ ದಿನ ಊರಿನ ನಾಲ್ಕು ಜನ ಕಿರಣ್‌ಗಳಿಗೆ ವಾಟ್ಸಾಪ್ ಮಾಡಿದ್ದೆ.

ಇಲ್ಲಿ ಕರೆಗಂಟೆ ಪಕ್ಕ ಇರೋದು ಮನೆತನದ ಹೆಸರು ಮಾತ್ರ. ಹಿರಿಯರು ತಾವಾಗಿ 'ಇನ್ನು ನೀನು ಅನ್ನು' ಅನ್ನೋವರೆಗೆ ಸ್ವಂತ ಹೆಸರು ಹಿಡಿದು ಕರೆಯೋ ಹಾಗಿಲ್ಲ. ಎದುರುಮನೆ ಅಜ್ಜಿಗೆ ಎರಡು ವರ್ಷ 'ಫ್ರಾವ್' (ಶ್ರೀಮತಿ) ಅಂದಿದ್ದೇ ಬಂತು. ಹೋದ ಸೆಪ್ಟೆಂಬರಿನಲ್ಲಿ ಪ್ಲಮ್ ಕೇಕಿನ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ತಟ್ಟೆಯನ್ನ ಎಡಗೈಗೆ ಸಾಗಿಸಿ ಬಲಗೈ ಚಾಚಿ, "ನಾನು ಗೆರ್ಟ್ರೂಡ್" ಅಂದರು. ಹಿಂದೆಯೇ, "ಈಗ ಯಾರೂ ಇಡಲ್ಲ, ಮುದುಕಿಯರ ಹೆಸರು."

ಗೇರ್ ಅಂದರೆ ಈಟಿ, ಟ್ರೂಡ್ ಅಂದರೆ ಬಲ. ನನ್ನ ಹರಕುಮುರುಕು ಜರ್ಮನ್‌ನಲ್ಲಿ ಅದನ್ನೇ ಹೇಳಿದೆ.

ಅಜ್ಜಿ ತಟ್ಟೆ ನನ್ನ ಕೈಗಿಟ್ಟರು. "ಈಟಿ ಇದ್ದರೆ ಒಳ್ಳೇದೇ, ಮೆಟ್ಟಿಲು ಹತ್ತೋವಾಗ ಊರಿಕೊಳ್ಳಬಹುದು."