ವಿಷದ ಗಡ್ಡೆಗೆ ಅಳಲೆಕಾಯಿ ನೀರು

ಕಳೆದ ತಿಂಗಳು ನಮ್ಮ ಸೋದರಮಾವ ಶಿವಮೊಗ್ಗದಿಂದ ಒಂದು ಫೋಟೋ ಕಳಿಸಿದರು. ಹಸಿರು ಪ್ಯಾಕೆಟ್. ಅದರ ಮೇಲೆ ಓಡೋ ಕುದುರೆ, ಬೆನ್ನ ಮೇಲೆ ಬಿಲ್ಲು ಹಿಡಿದ ಸವಾರ. ಕೆಳಗೆ ದಪ್ಪಕ್ಷರದಲ್ಲಿ ಮಂಗೋಲಿಯಾದ ಪುರಾತನ ಗುಟ್ಟು, ವಿಜ್ಞಾನಿಗಳಿಂದ ಸಾಬೀತು ಅಂತ ಬರಹ. "ಮಂಡಿನೋವಿಗೆ ತರಿಸಿದೀನಿ ಪುಟ್ಟಿ, ತಗೋಬಹುದಾ ನೋಡು" ಅಂತ ಒಂದು ಸಾಲು.

ನಾನು ಕೆಲಸ ಮಾಡೋದು ಔಷಧಿ ಕಂಪನಿಯೊಂದರ ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿ. ಹಾಗಾಗಿ ನೆಂಟರಲ್ಲಿ ಯಾರ ಮನೆಗೆ ಯಾವ ಮಾತ್ರೆ ಬಂದರೂ ಮೊದಲು ನನಗೆ ಫೋಟೋ ಬರುತ್ತೆ. ನಾನು ಡಾಕ್ಟರ್ ಅಲ್ಲ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. ಪ್ಯಾಕೆಟ್ಟಿನ ಹಿಂಬದಿಯದ್ದೂ ಒಂದು ಫೋಟೋ ತೆಗೀರಿ ಮಾವ ಅಂದೆ. ಒಳಗೆ ಏನೇನಿದೆ ಅಂತ ಬರೆಯಬೇಕಾದ ಜಾಗದಲ್ಲಿ ಇದ್ದದ್ದು ಒಂದೇ ಪದ. ಗಿಡಮೂಲಿಕೆಗಳು.

ತಗೋಬೇಡಿ ಅಂತ ಆಗಲೇ ಹೇಳಿಬಿಟ್ಟೆ. ಆದರೆ ತಲೆಯಲ್ಲಿ ಹುಳ ಹೊಕ್ಕಿತು. ಮಂಗೋಲಿಯಾದಲ್ಲಿ ಅಂಥ ವೈದ್ಯ ಪದ್ಧತಿ ನಿಜಕ್ಕೂ ಇದೆಯಾ? ಇದ್ದರೆ ಅದರ ಮೇಲೆ ಯಾರಾದರೂ ಸರಿಯಾಗಿ ಸಂಶೋಧನೆ ಮಾಡಿದ್ದಾರಾ? ಒಂದು ತಿಂಗಳು ರಾತ್ರಿ ಊಟ ಆದಮೇಲೆ ಇದನ್ನೇ ಓದಿದೆ. ಓದ್ತಾ ಓದ್ತಾ ಹೋದರೆ ಕೊನೆಗೆ ಬಂದು ನಿಂತದ್ದು ನಮ್ಮಜ್ಜಿಯ ಸಾಣೆಕಲ್ಲಿನ ಹತ್ತಿರ!

ಮೊದಲು ಅಲ್ಲಿನ ಕಥೆ. ಹುಲ್ಲುಗಾವಲಿನ ಜನಕ್ಕೆ ತಮ್ಮದೇ ಆದ ಮನೆಮದ್ದು ಮೊದಲಿಂದ ಇತ್ತು. ಕುದುರೆಯಿಂದ ಬಿದ್ದವರ ಮೂಳೆ ಕೂರಿಸೋ ಬರಿಯಾಚ್‌ಗಳಿದ್ದರು. ಕುದುರೆ ಹಾಲನ್ನು ಹುಳಿಸಿ ಮಾಡುವ ಐರಾಗ್ ಕುಡಿಸುತ್ತಿದ್ದರು. 16ನೇ ಶತಮಾನದ ಕೊನೆಗೆ ಟಿಬೆಟ್ಟಿನ ಬೌದ್ಧ ಧರ್ಮ ಅಲ್ಲಿ ಬೇರೂರಿತು. ಅದರ ಜೊತೆಗೇ ಟಿಬೆಟ್ಟಿನ ವೈದ್ಯವೂ ಬಂತು. ಆ ಟಿಬೆಟ್ ವೈದ್ಯ ಬಹಳಷ್ಟು ತಗೊಂಡಿದ್ದು ನಮ್ಮ ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದಿಂದ. 11ನೇ ಶತಮಾನದಲ್ಲೇ ಅದು ಟಿಬೆಟನ್ ಭಾಷೆಗೆ ಹೋಗಿತ್ತು. ಮಂಗೋಲಿಯನ್ ವೈದ್ಯರು ಇವತ್ತಿಗೂ ನಾಡಿ ಹಿಡಿದು ಹೇಳೋದು ಖೀ, ಶರ್, ಬದ್ಗನ್ ಅಂತ. ಅಂದ್ರೆ ವಾತ, ಪಿತ್ತ, ಕಫ. ಶರ್ ಅಂದರೆ ಅವರ ಭಾಷೆಯಲ್ಲಿ ಹಳದಿ, ಪಿತ್ತದ ಬಣ್ಣ.

ಅವರ ಮಾತಲ್ಲೂ ನಮ್ಮ ಕಡೆಯ ಪದಗಳು ಉಳಿದಿವೆ. ಚಂದನ ಅಲ್ಲಿ ಜಂದನ್. ಕರ್ಪೂರ ಗವರ್. ಗರುಡ ಗರಿದ್. ನೆಲದಿಂದ ಉಕ್ಕುವ ಖನಿಜ ನೀರಿನ ಬುಗ್ಗೆಗೆ ರಶಾನ್ ಅಂತಾರೆ, ಅದು ನಮ್ಮ ರಸಾಯನ. ಇದನ್ನು ಓದಿದ ದಿನ ನನಗೆ ಸುಮ್ನೆ ಖುಷಿ ಆಗಿತ್ತು, ಯಾಕೆ ಅಂತ ಕೇಳಬೇಡಿ.

ಇಷ್ಟು ದೂರ ನಡೆದು ಬಂದ ವಿದ್ಯೆ 1930ರ ದಶಕದಲ್ಲಿ ಹೆಚ್ಚೂಕಡಿಮೆ ನೆಲಸಮ ಆಯಿತು. 1937ರಿಂದ ಶುರುವಾದ ಕಮ್ಯುನಿಸ್ಟ್ ಸರ್ಕಾರದ ದಮನದಲ್ಲಿ ನೂರಾರು ಮಠಗಳನ್ನು ಕೆಡವಿದರು, ಸಾವಿರಾರು ಲಾಮಾಗಳನ್ನು ಕೊಂದರು. ವೈದ್ಯರೆಲ್ಲ ಇದ್ದದ್ದು ಮಠಗಳಲ್ಲೇ ಅಲ್ವಾ? ಗುರು ಹೋದ, ಗ್ರಂಥ ಹೋಯಿತು, ಶಿಷ್ಯರು ಬಾಯಿ ಮುಚ್ಚಿಕೊಂಡರು. 1990ರಲ್ಲಿ ಪ್ರಜಾಪ್ರಭುತ್ವ ಬಂದಮೇಲೆ ಮತ್ತೆ ಕಟ್ಟಿಕೊಂಡರು. 1999ರಲ್ಲಿ ಅಲ್ಲಿನ ಸಂಸತ್ತು ಇದಕ್ಕೊಂದು ರಾಷ್ಟ್ರೀಯ ನೀತಿಯನ್ನೇ ಮಾಡಿತು. ಈ ನಡುವೆ ಚೀನಾದ ಒಳಗಿರುವ ಇನ್ನರ್ ಮಂಗೋಲಿಯಾದಲ್ಲಿ ಆಸ್ಪತ್ರೆ, ಕಾಲೇಜು, ಲ್ಯಾಬು ಎಲ್ಲ ಬೆಳೆದವು. ನಾನು ಓದಿದ ಪ್ರಬಂಧಗಳಲ್ಲಿ ಜಾಸ್ತಿ ಅಲ್ಲಿಂದ ಬಂದವೇ.

ಈಗ ವಿಷಯಕ್ಕೆ ಬರ್ತೀನಿ. ಅಲ್ಲಿ ಕೀಲುನೋವಿಗೆ ಕೊಡುವ ಒಂದು ಹೆಸರಾಂತ ಗುಳಿಗೆ ಇದೆ, ಗರಿದಿ-5. ಗರುಡನ ಹೆಸರಿನದು. ಐದೇ ಪದಾರ್ಥ. ವತ್ಸನಾಭಿ ಜಾತಿಯ ಗಡ್ಡೆ, ಅಳಲೆಕಾಯಿ, ಬಜೆ, ಕೋಷ್ಠ, ಕಸ್ತೂರಿ. ಕಸ್ತೂರಿ ಈಗ ಕೃತಕದ್ದು. ಆ ಪಟ್ಟಿ ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ವತ್ಸನಾಭಿ ಒಂದನ್ನು ಬಿಟ್ಟರೆ ಉಳಿದದ್ದರಲ್ಲಿ ಅರ್ಧಕ್ಕರ್ಧ ನಮ್ಮ ಬಾಣಂತಿ ಕೋಣೆಯ ಸಾಮಾನು! ಮಗುವಿಗೆ ಎಣ್ಣೆನೀರು ಹಾಕಿದ ಮೇಲೆ ಅಜ್ಜಿ ಸಾಣೆಕಲ್ಲು ಇಟ್ಟುಕೊಂಡು ಬಜೆ ಎರಡು ಸುತ್ತು, ಅಳಲೆಕಾಯಿ ಎರಡು ಸುತ್ತು ತೇಯ್ದು, ಬೆರಳ ತುದಿಯಲ್ಲಿ ನೆಕ್ಕಿಸುತ್ತಿದ್ದರು. ಮಗು ಮುಖ ಕಿವುಚಿಕೊಳ್ಳೋದು. ಆ ಒಗರು ನಾಲಿಗೆಗೆ ಹತ್ತಿದರೆ ಬೇಗ ಬಿಡಲ್ಲ.

ವತ್ಸನಾಭಿ ಮಾತ್ರ ತಮಾಷೆಯ ವಸ್ತು ಅಲ್ಲ. ಅದರಲ್ಲಿರೋ ಅಕೋನಿಟಿನ್ ಅನ್ನೋ ವಿಷ ಎರಡು ಮಿಲಿಗ್ರಾಂ ಹೊಟ್ಟೆಗೆ ಹೋದರೆ ದೊಡ್ಡವರ ಜೀವವೂ ಹೋಗಬಹುದು. ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಒಳಗೆ ಬರುವ ಬಾಗಿಲು ಮುಚ್ಚದ ಹಾಗೆ ಅದು ಹಿಡಿದುಬಿಡುತ್ತೆ. ಬಡಿತ ತಾಳ ತಪ್ಪುತ್ತೆ. ಮಂಗೋಲಿಯನ್ನರು ಈ ಗಿಡವನ್ನು ಕರೆಯೋದೇ ಖೋರ್ಸ್ ಅಂತ. ಖೋರ್ ಅಂದರೆ ವಿಷ.

ಇಂಥದ್ದನ್ನು ಔಷಧಿ ಮಾಡೋದು ಹೇಗೆ? ನಮ್ಮ ಆಯುರ್ವೇದದಲ್ಲಿ ಗೋಮೂತ್ರದಲ್ಲಿ ನೆನೆಹಾಕಿ, ಹಾಲಿನಲ್ಲಿ ಬೇಯಿಸಿ ಶೋಧನೆ ಮಾಡುತ್ತಾರೆ. ಚೀನೀಯರು ನೀರಲ್ಲಿ ನೆನೆಸಿ ಗಂಟೆಗಟ್ಟಲೆ ಕುದಿಸುತ್ತಾರೆ. ಒಂದು ಚೂರು ನಾಲಿಗೆ ಮೇಲಿಟ್ಟರೆ ಸ್ವಲ್ಪವೇ ಜೋಮು ಹಿಡಿಯುವಷ್ಟು ಆದರೆ ಸರಿ ಅಂತ ಅವರ ಲೆಕ್ಕ. ಮಂಗೋಲಿಯನ್ನರ ದಾರಿ ಬೇರೆ. ಅವರು ಅಳಲೆಕಾಯಿಯ ಕಷಾಯ ಮಾಡಿ, ಅದರಲ್ಲಿ ಗಡ್ಡೆಯನ್ನು ದಿನಗಟ್ಟಲೆ ನೆನೆಹಾಕಿ ಒಣಗಿಸುತ್ತಾರೆ.

ಕುದಿಸಿದರೆ ವಿಷ ಯಾಕೆ ಇಳಿಯುತ್ತೆ ಅನ್ನೋದು ಸುಲಭ. ಅಕೋನಿಟಿನ್ ಅಣುವಿಗೆ ಎಸ್ಟರ್ ಅನ್ನೋ ರಾಸಾಯನಿಕ ಬಾಲ ಎರಡು ಇರುತ್ತೆ. ಬಿಸಿನೀರಿನಲ್ಲಿ ಬಾಲ ಕಳಚಿಕೊಳ್ಳುತ್ತೆ. ಒಂದು ಬಾಲ ಕಳಚಿದರೇ ವಿಷ ನೂರಾರು ಪಟ್ಟು ಇಳಿಯುತ್ತೆ. ಕುದಿಸದೆ ಅಳಲೆ ನೀರಲ್ಲಿ ನೆನೆಹಾಕಿದರೆ ಏನಾಗುತ್ತೆ ಅನ್ನೋದೇ ಇನ್ನರ್ ಮಂಗೋಲಿಯಾದ ಲ್ಯಾಬುಗಳವರ ತಲೆ ಕೆಡಿಸಿದ ಪ್ರಶ್ನೆ. ಅವರು ಕಂಡುಕೊಂಡ ಉತ್ತರದಲ್ಲಿ ದೊಡ್ಡ ಪಾಲು ಆ ಒಗರಿನದು. ಅಂದ್ರೆ ಟ್ಯಾನಿನ್. ಹಿಂದೆ ಅಳಲೆಕಾಯಿಯನ್ನು ಚರ್ಮ ಹದ ಮಾಡೋಕೆ, ಶಾಯಿ ಮಾಡೋಕೆ ಬಳಸುತ್ತಿದ್ದದ್ದೂ ಇದೇ ಗುಣಕ್ಕೆ. ಟ್ಯಾನಿನ್ ಹೋಗಿ ಅಕೋನಿಟಿನ್ ಥರದ ಕ್ಷಾರಗಳನ್ನು ಹಿಡಿದುಕೊಳ್ಳುತ್ತೆ. ನೀರಲ್ಲಿ ಅಷ್ಟಾಗಿ ಕರಗದ ಜೋಡಿ ಆಗುತ್ತೆ. ವಿಷ ಒಂದೇ ಸಲ ರಕ್ತಕ್ಕೆ ನುಗ್ಗೋಕಾಗಲ್ಲ. ಇದರ ಜೊತೆಗೆ, ಇಲಿಯ ಹೃದಯದ ಕೋಶಗಳಿಗೆ ಅಕೋನಿಟಿನ್ ಹಾಕಿ ನೋಡಿದಾಗ ಅಳಲೆಯ ಸತ್ವ ಇದ್ದ ಕಡೆ ಹಾನಿ ಕಡಿಮೆ ಆಗಿದ್ದೂ ಕಂಡಿದೆ.

ನನಗೆ ಇದರಲ್ಲಿ ಹಿಡಿಸಿದ್ದು ಒಂದೇ ವಿಷಯ. ಈ ಸಂಶೋಧಕರು ಗಿಡದ ಹಿಂದೆ ಮಾತ್ರ ಹೋಗಲಿಲ್ಲ, ಕೈಕೆಲಸದ ಹಿಂದೆ ಹೋದರು. ನಾಟಿ ಔಷಧಿಯ ಸಂಶೋಧನೆ ಅಂದರೆ ಸಾಮಾನ್ಯವಾಗಿ ಗಿಡ ತಂದು ಅರೆದು, ಯಾವುದೋ ಒಂದು ಅಣುವನ್ನು ಹೆಕ್ಕಿ ತೆಗೆಯೋದು. ಅದರಿಂದ ದೊಡ್ಡ ಲಾಭವೂ ಆಗಿದೆ. ಸರ್ಪಗಂಧಿಯಿಂದ ರಿಸರ್ಪಿನ್ ಬಂತು, ಮಾಚಿಪತ್ರೆಯ ಜಾತಿಯ ಗಿಡದಿಂದ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಬಂತು, ಅದನ್ನು ಕಂಡುಹಿಡಿದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಎಷ್ಟು ದಿನ ನೆನೆಹಾಕಬೇಕು, ಯಾವ ನೀರಲ್ಲಿ, ಯಾವುದರ ಜೊತೆ ಅನ್ನೋದರಲ್ಲೇ ವೈದ್ಯನ ಅರ್ಧ ವಿದ್ಯೆ ಇರೋದು. ಲ್ಯಾಬಲ್ಲಿ ಕೂತವಳಾಗಿ ಹೇಳ್ತೀನಿ, ನಾವು ಮಾದರಿ ಬಂದ ತಕ್ಷಣ ಮೆಥನಾಲ್‌ಗೆ ಹಾಕಿ ಮೆಷಿನ್ನಿಗೆ ಕೊಡ್ತೀವಿ. ಆ ಗಡ್ಡೆಯನ್ನು ಯಾರು, ಹೇಗೆ ನೆನೆಹಾಕಿದ್ದರು ಅಂತ ಕೇಳೋದೇ ಇಲ್ಲ.

ಹಾಗಂತ ಎಲ್ಲ ಸಾಬೀತಾಗಿದೆ ಅಂತ ಕುಣಿಯೋ ಹಾಗೂ ಇಲ್ಲ. ವಿಷ ಇಳಿಯುತ್ತೆ ಅನ್ನೋದು ಒಂದು ಮಾತು, ಮಂಡಿನೋವು ಹೋಗುತ್ತೆ ಅನ್ನೋದು ಬೇರೆ ಮಾತು. ನಾನು ಓದಿದ್ದರಲ್ಲಿ ಬಹುಪಾಲು ಇಲಿಗಳ ಕಥೆ. ಇಲಿಯ ಕಾಲು ಊದಿಸಿ, ಔಷಧಿ ಕೊಟ್ಟು, ಊತ ಇಳಿಯಿತು ಅಂತ ಬರೆಯೋದು. ಮನುಷ್ಯರ ಮೇಲೆ ಮಾಡಿದವು ಕಡಿಮೆ. ಅದರಲ್ಲೂ ರೋಗಿಗೂ ಗೊತ್ತಿಲ್ಲದೆ, ಡಾಕ್ಟರಿಗೂ ಗೊತ್ತಿಲ್ಲದೆ ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಬರೀ ಹಿಟ್ಟಿನ ಮಾತ್ರೆ ಕೊಟ್ಟು ನೋಡಿದವು ಇನ್ನೂ ಕಡಿಮೆ.

ಅಂಥ ಪರೀಕ್ಷೆ ಆದ ಒಂದು ಔಷಧಿ ಅಂದರೆ ಪದ್ಮ 28. ಇದು ಸುತ್ತಾಡಿದ ದಾರಿ ನೋಡಿ. ರಷ್ಯಾದ ಬೈಕಲ್ ಸರೋವರದ ಕಡೆಯ ಬುರಿಯಾತರು ಮಂಗೋಲ್ ಕುಲದವರು. ಅವರಲ್ಲಿ ಬದ್ಮಾಯೆವ್ ಅನ್ನೋ ವೈದ್ಯ ಮನೆತನ. ಅಣ್ಣ 19ನೇ ಶತಮಾನದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಔಷಧಿ ಅಂಗಡಿ ತೆರೆದ. ತಮ್ಮ ಪ್ಯೋತರ್ ಕ್ರೈಸ್ತನಾಗಿ ತ್ಸಾರ್ ಅರಮನೆಯವರೆಗೂ ಹೋದ. ಮನೆತನದ ಇನ್ನೊಂದು ಕವಲು ಪೋಲೆಂಡಿಗೆ ಹೋಯಿತು. ಅವರ ಕೈಪುಸ್ತಕದ 28ನೇ ಔಷಧಿ ಸೂತ್ರವನ್ನು ಹಿಡಿದು 1969ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಕಂಪನಿ ಶುರುವಾಯಿತು. ಸುಮಾರು ಇಪ್ಪತ್ತೆರಡು ಪದಾರ್ಥ. ಬೇವು, ಬಿಲ್ವ, ಏಲಕ್ಕಿ, ಲವಂಗ, ರಕ್ತಚಂದನ, ಕರ್ಪೂರ, ಮತ್ತೆ ನಮ್ಮ ಅಳಲೆಕಾಯಿ.

ರಕ್ತನಾಳ ಕಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುವ ರೋಗಿಗಳಿಗೆ ಡೆನ್ಮಾರ್ಕಿನಲ್ಲಿ ಇದನ್ನು ಕೊಟ್ಟು ನೋಡಿದರು. 1993ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ 36 ಜನ, ನಾಲ್ಕು ತಿಂಗಳು. ಔಷಧಿ ತಗೊಂಡವರು ಮೊದಲು ಸುಮಾರು 115 ಮೀಟರ್ ನಡೆದು ನಿಲ್ಲುತ್ತಿದ್ದರು, ಆಮೇಲೆ 227 ಮೀಟರ್. ಹಿಟ್ಟಿನ ಮಾತ್ರೆ ತಗೊಂಡವರಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. 36 ಅಂದರೆ ಒಂದು ಬಸ್ಸಿನ ಜನ ಕೂಡ ಅಲ್ಲ, ನಿಜ. ಆದರೂ ಇದು ಲೆಕ್ಕ. ಎಷ್ಟು ಜನ, ಎಷ್ಟು ದಿನ, ಎಷ್ಟು ಮೀಟರ್ ಅಂತ ಹೇಳಿದೆ. ನಾಳೆ ಇನ್ಯಾರೋ ಸುಳ್ಳು ಅಂತ ತೋರಿಸೋಕೂ ದಾರಿ ಇಟ್ಟಿದೆ.

ನಮ್ಮ ಟೈಮ್‌ಲೈನಿನಲ್ಲಿ ಜಗಳ ಆಡೋ ಎರಡೂ ಪಾರ್ಟಿಗಳ ಮೇಲೆ ನನಗೆ ಸಿಟ್ಟು ಬರೋದು ಇಲ್ಲೇ. ಒಬ್ಬರಿಗೆ ಐದು ಸಾವಿರ ವರ್ಷ ಹಳೇದು ಅಂದರೆ ಸಾಕು, ಇನ್ನೊಬ್ಬರಿಗೆ ಕಷಾಯ ಅಂದರೆ ಸಾಕು, ನಗು. ಇಬ್ಬರೂ ಗಡ್ಡೆಯನ್ನು ಎಷ್ಟು ದಿನ ನೆನೆಹಾಕಿದರು ಅಂತ ಕೇಳಲ್ಲ. ಬಜೆಯನ್ನೇ ತಗೊಳ್ಳಿ. ಅದರ ಎಣ್ಣೆಯಲ್ಲಿರುವ ಅಸರೋನ್ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆ ತರಿಸಿತು ಅಂತ ಅಮೆರಿಕದವರು 1968ರಲ್ಲೇ ಆಹಾರದಲ್ಲಿ ಬಜೆ ನಿಷೇಧ ಮಾಡಿದರು. ಇದನ್ನು ಬರೆದರೆ ನಮ್ಮಜ್ಜಿಗೆ ಅವಮಾನ ಅಂತ ಕಮೆಂಟ್ ಬರುತ್ತೆ, ಗೊತ್ತು. ಬರಲಿ.

ಕೋಷ್ಠದ ಬಗ್ಗೆಯೂ ಒಂದು ಮಾತು. ಹಿಮಾಲಯದ ಆ ಗಿಡ ಕಾಡಿನಿಂದ ಎಷ್ಟು ಅಗೆದು ಹೋಗಿದೆ ಅಂದರೆ ಹುಲಿ, ಆನೆಗಳ ಜೊತೆ ಅದನ್ನೂ ಅಂತಾರಾಷ್ಟ್ರೀಯ ವ್ಯಾಪಾರದ ಅತಿ ಬಿಗಿ ಪಟ್ಟಿಗೆ ಹಾಕಿದ್ದಾರೆ. ಔಷಧಿ ಕೆಲಸ ಮಾಡುತ್ತೆ ಅಂತ ಸಾಬೀತಾದ ಮಾರನೇ ದಿನ ಗಿಡದ ಗತಿ ಏನು ಅನ್ನೋದನ್ನು ಯಾವ ಪ್ರಬಂಧವೂ ಕೊನೆಯಲ್ಲಿ ಬರೆಯಲ್ಲ.

ಇದೆಲ್ಲ ಮಾವನಿಗೆ ಫೋನಲ್ಲಿ ಹೇಳಿದೆ, ಮುಕ್ಕಾಲು ಗಂಟೆ. ನಡುವೆ ಎರಡು ಸಲ "ಹೂಂ" ಅಂದರು. ಪ್ಯಾಕೆಟ್ ಏನು ಮಾಡಿದಿರಿ ಅಂತ ಕೇಳಿದೆ. ವಾಪಸ್ ಕಳಿಸೋಣ ಅಂದರೆ ಮಾರಿದವರು ಫೋನೇ ಎತ್ತುತ್ತಿಲ್ಲವಂತೆ. 1,800 ರೂಪಾಯಿ.

"ಅಲ್ಲ ಪುಟ್ಟಿ, ಆ ಗರುಡನ ಗುಳಿಗೆ ಮನೇಲೇ ಮಾಡೋಕಾಗಲ್ವಾ? ಅಳಲೆಕಾಯಿ ನಮ್ಮ ಗ್ರಂಧಿಗೆ ಅಂಗಡೀಲೇ ಸಿಗುತ್ತೆ" ಅಂದರು.

ಅತ್ತೆಗೆ ಫೋನ್ ಕೊಡಿ ಅಂದೆ.