ಮುಚ್ಚಳ ತಗಿಯೋ ತಮ್ಮಾ

ಹುಬ್ಬಳ್ಳಿ ದುರ್ಗದಬೈಲಿನ್ಯಾಗ ಸಂಜಿ ಹೊತ್ತು ಮಿರ್ಚಿ ಭಜಿ ಕಡಾಯಿ ಮುಂದ ನಿಂತು ಹನ್ನೊಂದು ಫೋಟೋ ಹೊಡದೆ. ಹೊಗಿ, ಬಲ್ಬಿನ ಬೆಳಕು, ಎಣ್ಣ್ಯಾಗಿಂದ ಭಜಿ ಎತ್ತೋ ಕಾಕಾ, ಎಲ್ಲಾ ಹೇಳಿ ಮಾಡಿಸಿದಂಗ ಕೂಡಿ ಬಂದಿತ್ತು. ಹನ್ನೆರಡನೇದಕ್ಕ ಕಾಕಾನ ಅಂದ, "ಮೊದಲ ಮುಚ್ಚಳ ತಗಿಯೋ ತಮ್ಮಾ."

ನನ್ನ ನಿಕಾನ್ ಎಫ್‌ಎಂ10 ಕ್ಯಾಮೆರಾ ಇದ್ದಿದ್ರ ಹಿಂಗ ಆಗ್ತಿರಲಿಲ್ಲ. ಅದು ಎಸ್‌ಎಲ್‌ಆರ್, ಅಂದ್ರ ಒಳಗ ಕನ್ನಡಿ ಇರೋ ಕ್ಯಾಮೆರಾ, ಅದರಾಗ ನಾವು ನೋಡೋದು ಲೆನ್ಸ್ ಹಾಯ್ದು ಬಂದ ಬೆಳಕನ್ನ, ಮುಚ್ಚಳ ಇದ್ರ ಕತ್ತಲಿ, ಮುಗೀತು. ಈ ಹಳೇ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಐತಲ್ಲ, ಇದರಾಗ ನೋಡೋ ಕಿಟಕಿ ಬ್ಯಾರೆ, ಲೆನ್ಸ್ ಬ್ಯಾರೆ, ಬೆಳಕು ಅಳಿಯೋ ಕಣ್ಣೂ ಮೈಮ್ಯಾಲೆ ಮತ್ತೊಂದು ಕಡೆ. ಹಿಂಗಾಗಿ ಮುಚ್ಚಳ ಹಾಕಿದ್ರೂ ಯಾವ ಬೇಜಾರೂ ಇಲ್ದ ಚಿಕ್ ಅಂತ ಫೋಟೋ ಹೊಡೀತದ, ಪುಣ್ಯಾತ್ಮ!

ಫೋಕಸ್ ಅಂತೂ ಇನ್ನೊಂದು ಕಥಿ. ಒಂದು ಬೆರಳು ಮುಂದ ಹಿಡದು ಒಂದೊಂದ ಕಣ್ಣು ಮುಚ್ಚಿ ನೋಡ್ರಿ, ಬೆರಳು ಅತ್ಲಾಗ ಇತ್ಲಾಗ ಜಿಗೀತದ, ಹತ್ರ ಇದ್ದಷ್ಟು ಜಾಸ್ತಿ. ಈ ಯಾಶಿಕಾದಾಗಿನ ರೇಂಜ್‌ಫೈಂಡರ್, ಅಂದ್ರ ದೂರ ಅಳಿಯೋ ಸಾಧನ, ಮಾಡೋದೂ ಅದನ್ನ, ಎರಡು ಕಿಟಕಿಯಿಂದ ನೋಡಿ ಎರಡು ಚಿತ್ರ ನಡುವಿನ ಸಣ್ಣ ಹಳದಿ ಚೌಕದಾಗ ಕೂಡಿಸ್ತದ, ರಿಂಗ್ ತಿರುವಿ ಎರಡನ್ನೂ ಒಂದು ಮಾಡೋದು ನಮ್ಮ ಕೆಲಸ. ಧಾರವಾಡದಾಗ ಕಟ್ಟಿ ಮ್ಯಾಲೆ ಕುಂತಿದ್ದ ಅಜ್ಜಿ ಮೂಗಿನ್ಯಾಗ ಎರಡು ನತ್ತು ಕಾಣಾಕತ್ತಿದ್ವು, ಮೆಲ್ಲಕ ತಿರುವಿದೆ, ಒಂದು ನತ್ತು ಸರದು ಸರದು ಇನ್ನೊಂದರ ಮ್ಯಾಲೆ ಹೋಗಿ ಕುಂತಿತು. ಆ ಖುಷಿ ಏನು ಹೇಳ್ಲಿ. ಅವ್ವಗ ನೋಡಾಕ ಕೊಟ್ಟೆ, ಆಕಿ ರಿಂಗ್ ಸರಿಸಿಬಿಟ್ಟು "ಇದು ಕೆಟ್ಟೈತಿ ಬಿಡು, ಅತ್ತಿ ಇಬ್ಬರು ಕಾಣ್ತಾರ, ಒಬ್ಬಾಕಿನ್ನ ಸಂಭಾಳಿಸೋದ ಸಾಕಾಗೇತಿ" ಅಂದ್ಲು.

ಬ್ಯಾಡಗಿ ಮಾರ್ಕೆಟ್‌ನ್ಯಾಗ ಮಾತ್ರ ಸೋತೆ. ಕೆಂಪಗ ಹರವಿದ್ದ ಮೆಣಸಿನಕಾಯಿ ರಾಶಿ, ಯಾವ ಕಾಯಿ ಯಾವುದರ ಜೊಡಿ ಕೂಡಿತು ಅಂತನ ತಿಳೀವಲ್ದು, ಮ್ಯಾಲೆ ಕೆಮ್ಮು. ಆಮ್ಯಾಲೆ ಗೊತ್ತಾತು, ಕಿಟಕಿ ಎರಡೂ ಅಡ್ಡಕ್ಕ ಇರೋದ್ರಿಂದ ಇದಕ್ಕ ಉದ್ದಕ ನಿಂತ ಗೆರಿ ಬೇಕು. ಪಕ್ಕದ ಚೀಲದ ಹೊಲಗಿ ಹಿಡದು ಫೋಕಸ್ ಮಾಡಿದೆ, ಬಂತು. ಲೈನ್ ಬಜಾರದ ಪೇಡೆ ಮಾತ್ರ ಆಗಲಿಲ್ಲ, 80 ಸೆಂಟಿಮೀಟರಿಗಿಂತ ಹತ್ರ ಇದು ಬರೋದಿಲ್ಲ, ಅಂದ್ರ ಎರಡು ಮೊಳಕ್ಕ ಚೂರು ಕಡಿಮಿ. ಅಷ್ಟು ದೂರದಿಂದ ಪೇಡೆ ಅಂದ್ರ ಒಂದು ಕಂದು ಚುಕ್ಕಿ. ತಿಂದೆ.

ಇಷ್ಟೆಲ್ಲಾ ಬೈಕೊಂಡ್ರೂ ಬಿಡಾಕ ಮನಸ್ಸು ಬರ್ತಿಲ್ಲ, ಯಾಕಂದ್ರ ಎಸ್‌ಎಲ್‌ಆರ್ ಒಳಗ ನಾ ಫೋಟೋ ನೋಡ್ತಿದ್ದೆ, ಹಿಂದಿಂದೆಲ್ಲಾ ಮಬ್ಬಾಗಿ, ಸುತ್ತ ಕರೀ ಗ್ವಾಡಿ, ಇದರಾಗ ಓಣಿನ ಕಾಣ್ತದ. ಎಲ್ಲಾ ಸ್ಪಷ್ಟ, ಫೋಟೋದಾಗ ಎಷ್ಟು ಬರ್ತದ ಅಂತ ತೋರಿಸೋ, ನಡುವ ತೇಲೋ ಹಳದಿ ಚೌಕಟ್ಟು, ಹತ್ರ ಫೋಕಸ್ ಮಾಡಿದ್ರ ಅದೂ ಒಂಚೂರು ಕೆಳಗ ಸರೀತದ. ಚೌಕಟ್ಟಿನ ಹೊರಗೂ ಸ್ವಲ್ಪ ಜಾಗ ಐತಿ, ಅಲ್ಲಿಂದ ಒಂದು ಆಡು ಬರಾಕತ್ತಿದ್ದು ಮೊದಲ ಕಂಡಿತು, ತಡದೆ, ಅದು ಬಂದು ಅಜ್ಜಿ ಸೆರಗಿಗೆ ಬಾಯಿ ಹಾಕೋದಕ್ಕೂ ನಾ ಒತ್ತೋದಕ್ಕೂ ಸರಿಹೋತು. ಅಜ್ಜಿ ಕೈ ಎತ್ತಿದ್ದೂ ನೋಡಿದೆ, ಒತ್ತೋ ಹೊತ್ತಿನ್ಯಾಗನ.

ಹೋದ ರವಿವಾರ ಉಣಕಲ್ ಕೆರಿಗೆ ಮತ್ತ ಎಫ್‌ಎಂ10 ಒಯ್ದಿದ್ದೆ. ಬಟನ್ ಒತ್ತಿದೆ, ಒಳಗಿನ ಕನ್ನಡಿ ಖಟಕ್ ಅಂತ ಮ್ಯಾಲೆ ಹೋತು, ಕಣ್ಣ ಮುಂದ ಒಂದು ಚಣ ಕತ್ತಲಿ. ಇಷ್ಟು ವರ್ಷ ಆ ಕತ್ತಲಿ ನನಗ ಕಂಡಿದ್ದ ಇಲ್ಲ, ಅವತ್ತು ಮಾತ್ರ ಕರೆಂಟ್ ಹೋತೇನೋ ಅಂತ ಹೌಹಾರಿ ತಲಿ ಎತ್ತಿ ನೋಡಿದೆ, ಕೆರಿ ದಂಡಿ ಮ್ಯಾಲೆ, ಹಾಡಹಗಲ.